ನಾಲ್ಕನೇ ಪುಟ

ಕೆಳಗಿನ ಸ್ವಾಗತ ಮೇಜಿನಿಂದ ಫೋನು ಬಂದಾಗ ಅವಳು ಪೆನ್ಸಿಲ್ ಹೆರೆಯುತ್ತಿದ್ದಳು. ಹೆರೆಯಬೇಕಾದ ಅವಶ್ಯಕತೆಯೇನೂ ಇರಲಿಲ್ಲ. ಶಾಖೆಯಲ್ಲಿ ಪೆನ್ಸಿಲ್ ಹಿಡಿದು ಬರೆಯುವುದನ್ನು ಎಲ್ಲರೂ ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೆ ಸಮಿತಿ ಸೇರುವ ದಿನ ಬೆಳಿಗ್ಗೆ ಅವಳ ಕೈಗೆ ಏನಾದರೂ ಕೆಲಸ ಬೇಕಾಗುತ್ತಿತ್ತು. "ಮೇಡಂ, ನಿಮ್ಮನ್ನ ನೋಡ್ಬೇಕು ಅಂತ ಒಬ್ರು ಬಂದಿದಾರೆ, ವಯಸ್ಸಾದವರು. ಬಾವಿ ಅಳೆಯೋರು ಅಂತ ಹೇಳಿ, ಅವರಿಗೆ ಗೊತ್ತಾಗತ್ತೆ ಅಂತಿದಾರೆ." ಗೊತ್ತಾಯಿತು. ಮೇಜಿನ ಎಡಗಡೆಯ ಕೆಳಗಿನ ಡ್ರಾಯರಿನ ಕಡೆ ಕಣ್ಣು ತಾನಾಗಿ ಹೋಯಿತು. ಎರಡು ತಿಂಗಳಿಂದ ಆ ಡ್ರಾಯರು ಪೂರ್ತಿ ಮುಚ್ಚುತ್ತಿರಲಿಲ್ಲ. ಒಳಗಿನ ದಪ್ಪ ಕಂದು ಲಕೋಟೆ ಅಡ್ಡ ಬರುತ್ತಿತ್ತು. ದಿನಕ್ಕೆ ನಾಲ್ಕು ಸಲವಾದರೂ ಅದರ ಅಂಚು ಮೊಣಕಾಲಿಗೆ ತಗಲುತ್ತಿತ್ತು, ತಗಲಿದಾಗೆಲ್ಲ ಮೊಣಕಾಲು ಸವರಿಕೊಂಡು ನಾಳೆ ನೋಡಿದರಾಯಿತು ಅಂದುಕೊಳ್ಳುತ್ತಿದ್ದಳು. ಈಗ ಆ ನಾಳೆ ತಾನೇ ಬಸ್ಸು ಹತ್ತಿಕೊಂಡು ಬಂದು ಕೆಳಗೆ ಕೂತಿದೆ. "ಮೀಟಿಂಗಲ್ಲಿದಾರೆ ಅಂತ ಹೇಳಿ" ಎನ್ನಬೇಕೆಂದು ಬಾಯಿ ತೆರೆದಳು. "ಕೂರಿಸಿ, ಬಂದೆ" ಎಂಬ ಮಾತು ಹೊರಬಿತ್ತು. ಒಳ್ಳೆಯತನದಿಂದಲ್ಲ. ಪೆನ್ಸಿಲಿನ ಮೊನೆ ಆಗಷ್ಟೇ ಮುರಿದಿತ್ತು, ಸುಳ್ಳು ಹುಡುಕುವ ವ್ಯವಧಾನ ಇರಲಿಲ್ಲ.

ಹತ್ತೊಂಬತ್ತು ವರ್ಷದಿಂದ ಅವಳು ಶಾಸನಸಭೆಯ ಸಂಶೋಧನಾ ಶಾಖೆಯಲ್ಲಿ ಟಿಪ್ಪಣಿ ಬರೆಯುತ್ತಿದ್ದಳು. ಮಸೂದೆ ಬಂದಾಗ ಅದನ್ನು ನೋಡಬೇಕಾದ ಸಮಿತಿಯ ಸದಸ್ಯರಿಗೆ ಓದಲು ಪುರುಸೊತ್ತಿರುವುದಿಲ್ಲ. ಅವರ ಪರವಾಗಿ ಓದಿ, ಅವರಿವರನ್ನು ಕೇಳಿ, ಸೋಸಿ, ಆರು ಪುಟಕ್ಕೆ ಇಳಿಸಿ ಕೊಡುವುದು ಶಾಖೆಯ ಕೆಲಸ. ಕಾಡು, ಕಲ್ಲು, ನೀರು ಅವಳ ಪಾಲಿಗೆ ಬಂದಿದ್ದ ವಿಷಯಗಳು. ಕಲ್ಲುಗಣಿಯನ್ನು ಅವಳು ಕಂಡದ್ದು ಬಸ್ಸಿನ ಕಿಟಕಿಯಿಂದ, ಅದೂ ಒಂದೇ ಸಲ, ಧೂಳು ಬರುತ್ತದೆಂದು ಪಕ್ಕದವರು ಕಿಟಕಿ ಎಳೆಯುವವರೆಗೆ. ಆರು ಪುಟದಲ್ಲೂ ಸದಸ್ಯರು ಓದುವುದು ಕೋಷ್ಟಕವನ್ನು ಮಾತ್ರ ಎಂದು ಬಹಳ ಹಿಂದೆಯೇ ಕಂಡುಕೊಂಡಿದ್ದ ಅವಳು ಎರಡು ಸಾಲಿನ ವಿಷಯವಿದ್ದರೂ ಗೆರೆ ಎಳೆದು ಮನೆ ಮಾಡಿ ಕೊಡುತ್ತಿದ್ದಳು. ಶಾಖೆಯಲ್ಲಿ ಕೋಷ್ಟಕದಮ್ಮ ಎಂದು ಹೆಸರೇ ಬಿದ್ದಿತ್ತು. ಆ ಹೆಸರು ಬಿಟ್ಟರೆ ಬೇರೆ ಹೆಸರು ಎಲ್ಲೂ ಬರುತ್ತಿರಲಿಲ್ಲ. ಟಿಪ್ಪಣಿಯ ಕೊನೆಗೆ 'ಸಂಶೋಧನಾ ಶಾಖೆ' ಎಂದಿರುತ್ತದೆ, ಬರೆದವರ ಹೆಸರಿರುವುದಿಲ್ಲ, ಅದು ಅಲ್ಲಿಯ ಪದ್ಧತಿ. ಸೇರಿದ ಹೊಸತರಲ್ಲಿ ಅವಳಿಗೆ ಅದು ಅನ್ಯಾಯ ಎನ್ನಿಸಿತ್ತು. ಆಮೇಲಾಮೇಲೆ ಹಾಯೆನಿಸತೊಡಗಿತ್ತು.

ಮಾಹಿತಿ ಎಲ್ಲಿಂದ ಬರುತ್ತದೆ ಎಂದು ಹೊರಗಿನವರು ಕೇಳಿದರೆ ಅವಳು ವಿಶ್ವವಿದ್ಯಾಲಯ, ಇಲಾಖೆ, ಸಮೀಕ್ಷೆ ಎಂದೆಲ್ಲ ಹೇಳುತ್ತಿದ್ದಳು. ನಿಜವಾಗಿ ಬರುತ್ತಿದ್ದದ್ದು ಫೋನು ಎತ್ತುವವರಿಂದ. ಇಲಾಖೆಗೆ ಮಾಡಿದರೆ ಕಡತ ಮೇಲೆ ಹೋಗಿದೆ ಎನ್ನುತ್ತಾರೆ, ಮೇಲಿನವರಿಗೆ ಮಾಡಿದರೆ ಕೆಳಗೇ ಇದೆ ನೋಡಿ ಎನ್ನುತ್ತಾರೆ. ಪ್ರಾಧ್ಯಾಪಕರು ಮೂರು ತಿಂಗಳ ಮೇಲೆ ನಲವತ್ತು ಪುಟ ಕಳಿಸಿ ಕೊನೆಯಲ್ಲಿ ಇನ್ನೂ ಅಧ್ಯಯನ ಆಗಬೇಕು ಎಂದು ಕೈತೊಳೆದುಕೊಳ್ಳುತ್ತಾರೆ. ಗಣಿ ಮಾಲೀಕರ ಸಂಘದಲ್ಲಿ ಮಾತ್ರ ಒಬ್ಬ ಜೇನುದನಿಯವನಿದ್ದ. ಎರಡನೇ ಸಲ ಗಂಟೆಯಾಗುವಷ್ಟರಲ್ಲಿ ಎತ್ತಿ, "ಹೇಳಿ ಮೇಡಂ, ಎಷ್ಟು ಹೊತ್ತಿಗೆ ಬೇಕು?" ಎನ್ನುತ್ತಿದ್ದ. ನಾಲ್ಕು ಗಂಟೆಗೆ ಎಂದರೆ ಮೂರೂವರೆಗೆ ಕಳಿಸುತ್ತಿದ್ದ, ಅವಳದೇ ಅಕ್ಷರದ ಗಾತ್ರದಲ್ಲಿ, ಅವಳು ಎಳೆಯುವಂಥದೇ ಗೆರೆಗಳಲ್ಲಿ. ಎತ್ತಿ ಅಂಟಿಸುವುದೊಂದೇ ಬಾಕಿ. ಅವನ ಕೈಯಿಂದ ಅವಳು ಒಂದು ಲೋಟ ನೀರು ಕುಡಿದವಳಲ್ಲ. ಅವನ ಮುಖವನ್ನೇ ನೋಡಿರಲಿಲ್ಲ. ಲಂಚವನ್ನಾದರೂ ತಿಂದಿದ್ದರೆ ತಾನು ಮಾಡಿದ್ದನ್ನು ಹೇಳಿಕೊಳ್ಳಲು ಒಂದು ಶಬ್ದ ಇರುತ್ತಿತ್ತು ಎಂದು ಮೆಟ್ಟಿಲಿಳಿಯುತ್ತ ಅನ್ನಿಸಿತು. ಆದದ್ದು ಇಷ್ಟೇ. ಮಸೂದೆ ಕಲ್ಲುಗಣಿಗಳದು, ಬಾವಿಗಳಿಂದ ಮುನ್ನೂರು ಮೀಟರ್ ದೂರ ಬಿಟ್ಟು ಗಣಿ ಮಾಡಿದರೆ ಸಾಕು ಎಂದು ಅದರ ಒಂಬತ್ತನೇ ಕಲಮು ಹೇಳುತ್ತಿತ್ತು. ಯಾರ ಬಳಿ ಏನಿದ್ದರೂ ಕಳಿಸಿ ಎಂದು ಇನ್ನೂರು ಜನರಿಗೆ ಸುತ್ತೋಲೆ ಕಳಿಸಿದವಳು ಅವಳೇ. ಉತ್ತರಿಸಿದವರು ಏಳು ಜನ, ಅದರಲ್ಲಿ ಒಂದು ಈ ಲಕೋಟೆ. ನಿವೃತ್ತರಾದ ಅಳತೆಯವರೊಬ್ಬರು ಒಂದು ಗಣಿಯ ಸುತ್ತಲಿನ ಆರು ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ, ಹನ್ನೊಂದು ವರ್ಷ, ಬಿಡದೆ ಅಳೆದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಎಂಟುನೂರಕ್ಕೆ ಎಂಟು ಕಡಿಮೆ ಅಂಕಿಗಳು. ಅವಳು ಬಿಚ್ಚಿ ನೋಡಿದ್ದಳು. ಬಿಚ್ಚದೆ ಇದ್ದಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ನೋಡಿ, ಇದನ್ನೆಲ್ಲ ಯಾರು ಟೈಪ್ ಮಾಡುತ್ತಾರೆ ಎಂದುಕೊಂಡು ಡ್ರಾಯರಿಗೆ ತುರುಕಿದ್ದಳು. ಮಾರನೇ ದಿನ ಟಿಪ್ಪಣಿ ಕೊಡಬೇಕು. ನಾಲ್ಕನೇ ಪುಟದಲ್ಲಿ ಲಾರಿ ಎಷ್ಟು, ಕೆಲಸಗಾರರೆಷ್ಟು, ಕಲ್ಲೆಷ್ಟು ಎಂಬ ಜೇನುದನಿಯವನ ಕೋಷ್ಟಕ ಸೊಗಸಾಗಿ ಕೂತಿತ್ತು, ಕೊನೆಯ ಒಂದು ಮನೆ ಮಾತ್ರ ಖಾಲಿ. 'ಬಾವಿಗಳ ನೀರಿನ ಮಟ್ಟ' ಎಂಬುದರ ಎದುರು ಅವಳು 'ಮಾಹಿತಿ ಲಭ್ಯವಿಲ್ಲ' ಎಂದು ಬರೆದಳು. ಎರಡೇ ಪದ. ಪುಟ ಓರಣವಾಗಿ ಕಂಡಿತು.

ಸಂದರ್ಶಕರ ಕೋಣೆಯಲ್ಲಿ ಅವರು ಕುರ್ಚಿಯ ಅಂಚಿನಲ್ಲಿ, ಯಾರಾದರೂ ಏಳು ಎಂದರೆ ತಕ್ಷಣ ಏಳುವ ಹಾಗೆ ಕೂತಿದ್ದರು. ಇಸ್ತ್ರಿಯ ಮಡಿಕೆ ಇನ್ನೂ ಹಾಗೇ ಇದ್ದ ಅಂಗಿ, ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ಅವಳನ್ನು ಕಂಡದ್ದೇ ಎದ್ದು ನಿಂತರು. ಬಲಗೈಯ ಹೆಬ್ಬೆರಳು ತೋರುಬೆರಳಿನ ಗೆರೆಗಳಲ್ಲಿ ಬಿಳಿ ಕೂತಿತ್ತು. ಅವಳು ಅದನ್ನೇ ನೋಡುತ್ತಿದ್ದಾಳೆಂದು ತಿಳಿದು ಅಂಗಿಗೆ ಒರೆಸಿಕೊಂಡರು. "ಸೀಮೆಸುಣ್ಣ ತಾಯಿ. ಎಷ್ಟು ತೊಳೆದ್ರೂ ಹೋಗಲ್ಲ. ಟೇಪಿಗೆ ಸೀಮೆಸುಣ್ಣ ಬಳಿದು ಬಾವಿಗೆ ಬಿಡ್ತೀವಿ, ಮೇಲೆ ಎಳೆದ್ರೆ ಎಲ್ಲೀವರೆಗೆ ಒದ್ದೆ ಆಗಿದೆ ಅಂತ ಕಾಣತ್ತೆ. ಅದೇ ನೀರಿನ ಗೆರೆ. ಸುಳ್ಳು ಹೇಳೋಕೆ ಜಾಗನೇ ಇಲ್ಲ ಅದ್ರಲ್ಲಿ." ಎಂದು ನಕ್ಕರು. ಅವಳೂ ನಕ್ಕಳು; ಮುಖದ ಚರ್ಮ ಯಾರದೋ ಎರವಲು ತಂದಂತೆ ಬಿಗಿದುಕೊಂಡಿತು.

"ಕೆಲಸದ ಹೊತ್ತಲ್ಲಿ ತೊಂದರೆ ಕೊಟ್ಟೆ."

"ಅಯ್ಯೋ, ತೊಂದರೆ ಏನು ಬಂತು. ಕೂತ್ಕೊಳ್ಳಿ ನೀವು."

"ಮೂರು ಗಂಟೆಗೆ ಸಮಿತಿಯವರು ನಮ್ಮಂಥ ಐದು ಜನಾನ ಕರೆದಿದಾರೆ. ತಲೆಗೆ ಮೂರು ನಿಮಿಷ ಮಾತಾಡ್ಬೇಕಂತೆ. ನನಗೆಲ್ಲಿ ಮಾತು ಬರತ್ತೆ? ಬಾವಿಗಳ ಜೊತೆ ಇದ್ದೂ ಇದ್ದೂ ಬಾಯೇ ಬಿದ್ದೋಗಿದೆ. ಅದಕ್ಕೇ ಮೊದಲು ನಿಮ್ಮನ್ನ ಒಂದು ಮಾತು ಕೇಳೋಣ ಅಂತ. ಆ ಸುತ್ತೋಲೆ ಕೆಳಗೆ ನಿಮ್ಮ ಫೋನ್ ನಂಬರ್ ಇತ್ತು, ಮಾಡೋಕೆ ಧೈರ್ಯ ಆಗ್ಲಿಲ್ಲ. ನನ್ನ ಕಾಗದ ಬಂತಾ ತಾಯಿ?"

"ಬಂತು."

"ನೋಡಿದ್ರಾ?"

ಇಲ್ಲಿ ನಿಲ್ಲಬಹುದಿತ್ತು. ನೋಡಿದೆ, ಆದರೆ ಹಾಕಲಿಲ್ಲ, ತಪ್ಪಾಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. "ನೋಡ್ದೆ. ಟಿಪ್ಪಣೀಲಿ ಹಾಕಿದೀವಿ" ಎಂದಳು. 'ಹಾಕಿದೀನಿ' ಎನ್ನಲಿಲ್ಲ, 'ಹಾಕಿದೀವಿ' ಎಂದಳು. ಅಷ್ಟರ ಮಟ್ಟಿಗೆ ನಾಲಿಗೆ ಪಳಗಿತ್ತು. ಯಾವ ಪುಟದಲ್ಲಿ ಎಂದು ಅವರು ಕೇಳಿದರು, ಅನುಮಾನದಿಂದಲ್ಲ, ಕೂಸು ಯಾವ ತೊಟ್ಟಿಲಲ್ಲಿ ಮಲಗಿದೆ ಎಂದು ಕೇಳುವಂತೆ. "ನಾಲ್ಕು" ಎಂದಳು. ಅವರ ಮುಖ ಇಷ್ಟಗಲವಾಯಿತು. "ನಮ್ಮ ಮನೆಯವಳು ಬೇಡ ಅಂತಿದ್ಲು. ಪೆನ್ಸಿಲಲ್ಲಿ ಗೀಚಿದ್ದನ್ನ ಅಷ್ಟು ದೊಡ್ಡ ಆಫೀಸಿನವರು ಯಾರು ನೋಡ್ತಾರೆ ಅಂತ. ಬಾವಿ ಕಟ್ಟೆ ಮೇಲೆ ಪೆನ್ನಲ್ಲಿ ಬರೆದ್ರೆ ನೀರು ಬಿದ್ದು ಹರಡ್ಕೊಳತ್ತೆ, ಪೆನ್ಸಿಲ್ ಹಾಗೇ ನಿಲ್ಲತ್ತೆ, ಅದು ಅವಳಿಗೇನು ಗೊತ್ತು. ನಾನು ಹೇಳ್ದೆ, ಅವರಾಗೇ ಕೇಳಿದಾರೆ ಕಣೇ, ಕೇಳಿದ ಮೇಲೆ ನೋಡೇ ನೋಡ್ತಾರೆ ಅಂತ." ಆಮೇಲೆ ಸ್ವಲ್ಪ ಸಂಕೋಚದಿಂದ, "ಒಂದು ಪ್ರತಿ ಸಿಗತ್ತಾ? ಅವಳಿಗೆ ತೋರ್ಸೋಕೆ. ಅದೊಂದು ಸಿಕ್ಕಿದ್ರೆ ನಾನು ಮಾತಾಡೋದೂ ಬೇಕಾಗಿಲ್ಲ, ನಮಸ್ಕಾರ ಮಾಡಿ ಕೂತ್ಬಿಡ್ತೀನಿ."

ಎರಡೂವರೆಗೆ ಕೊಡುತ್ತೇನೆಂದು ಹೇಳಿ ಅವಳು ಮೂರು ಮಹಡಿಯನ್ನು ಲಿಫ್ಟಿಗೆ ಕಾಯದೆ ಹತ್ತಿದಳು. ಕುರ್ಚಿಯಲ್ಲಿ ಕೂತು, ಡ್ರಾಯರು ಎಳೆದು, ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಪ್ರತಿ ಹಾಳೆಯ ತಲೆಯಲ್ಲಿ ಬಾವಿಯ ಗುರುತು, ಗಣಿಯಿಂದ ಎಷ್ಟು ದೂರ, ಅಳೆದ ದಿನ, ಆ ದಿನದ ಹವೆ. ಕೆಲವು ಕಡೆ ಅಂಕಿಯ ಪಕ್ಕದಲ್ಲಿ ಸಣ್ಣಗೆ 'ಎರಡು ಸಲ ಅಳೆದೆ' ಎಂದಿತ್ತು. ಒಂದು ತಿಂಗಳಲ್ಲಿ 'ಜ್ವರ, ಹೆಂಡತಿ ಅಳೆದದ್ದು, ಸರಿ ಇದೆ'. ಅವಳು ಟೈಪ್ ಮಾಡತೊಡಗಿದಳು. ವರ್ಷಕ್ಕೊಂದರಂತೆ ಸರಾಸರಿ ತೆಗೆದು ಆರು ಬಾವಿಗೆ ಆರು ಸಾಲು ಮಾಡಿದಾಗ ತಾನಾಗಿಯೇ ಒಂದು ಚಿತ್ರ ಮೂಡಿತು: ಹತ್ತಿರದ ಮೂರು ಬಾವಿ ಬತ್ತಿಹೋಗಿದ್ದವು, ಅದು ಯಾರಾದರೂ ಊಹಿಸಬಹುದಾದದ್ದು, ಆದರೆ ಏಳುನೂರು ಮೀಟರ್ ದೂರದ ನಾಲ್ಕನೆಯದು ಒಂಬತ್ತರಿಂದ ಇಪ್ಪತ್ಮೂರು ಮೀಟರಿಗೆ ಇಳಿದಿತ್ತು, ಸಾವಿರ ಮೀಟರ್ ದಾಟಿದ್ದ ಕೊನೆಯ ಎರಡು ಮಾತ್ರ ಇದ್ದ ಹಾಗೇ ಇದ್ದವು. ಮುನ್ನೂರು ಸಾಲದು, ಸಾವಿರ ಬೇಕು. ಇಷ್ಟು ಸಾಲಿನಲ್ಲಿ ಇಷ್ಟು ಮಾತು ಹೇಳುವ ಪುಟವನ್ನು ಅವಳು ಹತ್ತೊಂಬತ್ತು ವರ್ಷದಲ್ಲಿ ಮಾಡಿರಲಿಲ್ಲ. ಮಾಡಲು ಹಿಡಿದದ್ದು ಎರಡು ಗಂಟೆ. ಎರಡೇ ಗಂಟೆ, ಎರಡು ತಿಂಗಳಿಂದ ಮೊಣಕಾಲಿಗೆ ತಗಲುತ್ತಿದ್ದದ್ದು ಇದು. ಶಾಲೆಯಲ್ಲಿದ್ದಾಗ ಅಕ್ಕ ಅವಳಿಗೆ ನದಿಗಳ ನಕ್ಷೆ ಬರೆದುಕೊಟ್ಟಿದ್ದಳು, ನೀಲಿಯಲ್ಲಿ ಒಂದೊಂದು ಉಪನದಿಯನ್ನೂ ಬಿಡದೆ. ನೀನೇ ಬರೆದದ್ದಾ ಎಂದು ಟೀಚರು ಕೇಳಿದಾಗ ಹೂಂ ಎಂದಿದ್ದಳು. ಬಹುಮಾನ ಕೊಡುವಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಅಕ್ಕನೇ. ಇವತ್ತಿಗೂ ಅಕ್ಕ ಭಾನುವಾರ ಭಾನುವಾರ ಫೋನು ಮಾಡುತ್ತಾಳೆ, ಮಾತು ನಕ್ಷೆಯ ತನಕ ಹೋದದ್ದಿಲ್ಲ, ಆದರೂ ಅಕ್ಕನ ಹೆಸರು ಫೋನಿನಲ್ಲಿ ಕಂಡಾಗ ಪ್ರತಿಸಲ ಒಂದು ಕ್ಷಣ ಎತ್ತದೆ ಕೂರುತ್ತಾಳೆ.

ದಾರಿ ಇಲ್ಲವೆಂದಲ್ಲ. ಸದಸ್ಯರಿಗೆ ಕೊಟ್ಟ ಟಿಪ್ಪಣಿಯಲ್ಲಿ ತಪ್ಪಿದ್ದರೆ ತಿದ್ದೋಲೆ ಎಂಬ ಗುಲಾಬಿ ಬಣ್ಣದ ಹಾಳೆ ಇದೆ. ಅದರಲ್ಲಿ 'ಶಾಖೆಯ ಲೋಪದಿಂದ' ಎಂದು ಆರಂಭಿಸಿ, ಸರಿಯಾದದ್ದನ್ನು ಬರೆದು, ಮುಖ್ಯಸ್ಥರ ಸಹಿ ಹಾಕಿಸಿ ಎಲ್ಲರ ಮೇಜಿನ ಮೇಲೆ ಇಟ್ಟರೆ ಮುಗಿಯಿತು. ಹೊಸ ಪುಟವನ್ನು ಹಿಡಿದುಕೊಂಡು ಅವಳು ಮುಖ್ಯಸ್ಥರ ಕೋಣೆಯ ತನಕ ಹೋದಳು. ಅವರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. "ಬನ್ನಿ ಬನ್ನಿ, ನೂರು ವರ್ಷ ಆಯುಸ್ಸು ನಿಮಗೆ. ಈಗ ತಾನೇ ಅಧ್ಯಕ್ಷರ ಜೊತೆ ನಿಮ್ಮ ಮಾತೇ ಆಡಿದೆ. ಟಿಪ್ಪಣಿ ಅವರಿಗೆ ಬಹಳ ಹಿಡಿಸಿದೆಯಂತೆ, ಒಂದು ನಿಮಿಷಕ್ಕೆ ಓದಿ ಮುಗಿಸ್ದೆ ಅಂದ್ರು. ಈ ಅಧಿವೇಶನ ಪೂರ್ತಿ ನಮ್ಮ ಶಾಖೆಯಿಂದ ಒಂದೇ ಒಂದು ತಿದ್ದೋಲೆ ಹೋಗಿಲ್ಲ, ಗೊತ್ತಾ? ಹೇಳಿ, ಏನು ಬಂದಿರಿ?" ಅವಳ ಕೈಯಲ್ಲಿದ್ದ ಕಾಗದ ತಾನಾಗಿ ಬೆನ್ನ ಹಿಂದೆ ಹೋಯಿತು. "ಏನಿಲ್ಲ ಸರ್. ಮೂರು ಗಂಟೆಗೇ ಅಲ್ವಾ ಅಂತ ಕೇಳೋಣ ಅಂತ." "ಮೂರಕ್ಕೇ. ಊಟ ಆಯ್ತಾ?" "ಆಯ್ತು ಸರ್." ಅದೂ ಸುಳ್ಳೇ. ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ನಲವತ್ತೇಳು ವರ್ಷದ ಹೆಂಗಸು, ಮನೆಯಲ್ಲಿ ಗಂಡ ಒಂದು ಸಾಮಾನು ಮರೆತು ಬಂದರೆ ಅರ್ಧ ಗಂಟೆ ಬುದ್ಧಿ ಹೇಳುವವಳು, ಇಲ್ಲಿ ಊಟ ಮಾಡಿಲ್ಲ ಎಂದು ಹೇಳಲೂ ಬಾಯಿಲ್ಲ. ಥೂ ಎಂದುಕೊಂಡಳು. ಹಾಗೆ ಅಂದುಕೊಂಡದ್ದರಿಂದ ತುಸು ಹಗುರಾಯಿತು, ಹಗುರಾದದ್ದಕ್ಕೆ ಇನ್ನಷ್ಟು ಅಸಹ್ಯವಾಯಿತು.

ಆಮೇಲೆ ಮಾಡಿದ್ದನ್ನು ಅವಳು ಯಾವ ಗಡಿಬಿಡಿಯೂ ಇಲ್ಲದೆ, ಬಹಳ ನೀಟಾಗಿ ಮಾಡಿದಳು. ಉಳಿದಿದ್ದ ಒಂದು ಪ್ರತಿ ತೆಗೆದುಕೊಂಡು, ಪಿನ್ನು ಬಿಚ್ಚಿ, ಲಾರಿಗಳ ನಾಲ್ಕನೇ ಪುಟವನ್ನು ಹೊರಗೆಳೆದು, ಬಾವಿಗಳ ನಾಲ್ಕನೇ ಪುಟವನ್ನು ಒಳಗಿಟ್ಟು, ಮತ್ತೆ ಪಿನ್ನು ಹೊಡೆದಳು. ಹಳೇ ತೂತಿನ ಮೇಲೇ ಬೀಳುವ ಹಾಗೆ ನೋಡಿ ಹೊಡೆದಳು. ಲೋಕದಲ್ಲಿ ಒಬ್ಬರ ಹತ್ತಿರ ಮಾತ್ರ ಇರುವ ಟಿಪ್ಪಣಿ. ಅವರು ಮಾತಾಡುವುದಿಲ್ಲ ಎಂದಿದ್ದಾರೆ, ಮನೆಗೆ ಒಯ್ದು ಹೆಂಡತಿಗೆ ತೋರಿಸುತ್ತಾರೆ, ಇಬ್ಬರೂ ಸಂತೋಷಪಡುತ್ತಾರೆ. ಯಾರಿಗೇನು ನಷ್ಟ ಎಂದು ಕೇಳಿಕೊಂಡಳು. ಆ ಏಳುನೂರು ಮೀಟರಿನ ಬಾವಿಯಿಂದ ನೀರು ಸೇದುವವರು ಯಾರಿರಬಹುದು ಎಂಬ ಪ್ರಶ್ನೆ ಹಿಂದೆಯೇ ಬಂತು, ಅದನ್ನು ಪಕ್ಕಕ್ಕೆ ತಳ್ಳಿದಳು. ಎರಡೂವರೆಗೆ ಕೆಳಗಿಳಿದು, ಅವರ ಕೈಗೆ ಕೊಟ್ಟು, "ಅರ್ಜೆಂಟ್ ಕೆಲಸ ಇದೆ" ಎಂದು ಅವರು ಬಿಡಿಸಿ ನೋಡುವ ಮೊದಲೇ ಹೊರಟುಬಿಟ್ಟಳು. ಬೆನ್ನ ಹಿಂದೆ ಅವರು ಯಾರಿಗೋ, ಬಹುಶಃ ಕಾವಲಿನವನಿಗೆ, ಹೇಳುತ್ತಿದ್ದದ್ದು ಕೇಳಿಸಿತು: "ನೋಡಪ್ಪಾ, ಅಚ್ಚಾಗಿದೆ."

ಸಮಿತಿಯ ಕೋಣೆಯಲ್ಲಿ ಸದಸ್ಯರು ಉದ್ದನೆಯ ಮೇಜಿನ ಸುತ್ತ ಕೂರುತ್ತಾರೆ, ಸಿಬ್ಬಂದಿ ಗೋಡೆಗೆ ಹೊಂದಿಸಿದ ಕುರ್ಚಿಗಳಲ್ಲಿ. ಸಿಬ್ಬಂದಿ ಮಾತಾಡುವಂತಿಲ್ಲ, ಕೇಳಿದರೆ ಚೀಟಿ ಬರೆದು ಮುಂದಕ್ಕೆ ಕೊಡಬೇಕು. ಅವಳು ಮಡಿಲಲ್ಲಿ ಚೀಟಿಗಳ ಕಟ್ಟು ಇಟ್ಟುಕೊಂಡು ಮುಖ್ಯಸ್ಥರ ಪಕ್ಕ ಕೂತಿದ್ದಳು. ಮೊದಲ ನಾಲ್ಕು ಜನ ತಮ್ಮ ಮೂರು ಮೂರು ನಿಮಿಷವನ್ನು ಆರಾರು ಮಾಡಿಕೊಂಡು ಮಾತಾಡಿದರು. ಒಬ್ಬ ಸದಸ್ಯರು ಕಣ್ಣು ಮುಚ್ಚಿದ್ದರು, ಇನ್ನೊಬ್ಬರು ಫೋನಿನಲ್ಲಿದ್ದರು. ಐದನೆಯವರಾಗಿ ಬಾವಿ ಅಳೆಯುವವರು ಎದ್ದರು, ಕೈಮುಗಿದರು. ಇನ್ನು ಕೂರುತ್ತಾರೆ ಎಂದು ಅವಳು ಉಸಿರು ಬಿಟ್ಟಳು. ಅವರು ಕೂರಲಿಲ್ಲ. ಚೀಲದಿಂದ ಟಿಪ್ಪಣಿ ತೆಗೆದು, ಕನ್ನಡಕ ಹಾಕಿಕೊಂಡರು.

"ನನಗೆ ಹೆಚ್ಚು ಹೇಳೋದೇನಿಲ್ಲ. ಎಲ್ಲ ನಾಲ್ಕನೇ ಪುಟದಲ್ಲಿದೆ. ನಾನು ಹೇಳೋದಕ್ಕಿಂತ ಚೆನ್ನಾಗಿ ಬರೆದಿದಾರೆ. ಒಂದೇ ಒಂದು ಅಂಕಿ ತಪ್ಪಿದೆ, ಅದನ್ನ ಹೇಳದೆ ಕೂರೋಕಾಗಲ್ಲ. ನಾಲ್ಕನೇ ಬಾವಿ, ಆರನೇ ವರ್ಷ, ಹದಿನಾರು ಅಂತ ಆಗಿದೆ. ಅದು ಹದಿನಾಲ್ಕು. ಹದಿನಾರು ಅಂದ್ರೆ ನೀರು ಇನ್ನೂ ಕೆಳಗೆ ಹೋದ ಹಾಗೆ ಕಾಣತ್ತೆ. ಅದು ನಮಗೇ ಅನುಕೂಲ. ಆದ್ರೆ ಅಳತೆ ಅಳತೆನೇ. ದಯವಿಟ್ಟು ಎಲ್ರೂ ತಿದ್ಕೊಳ್ಳಿ."

ಇಡೀ ದಿನದಲ್ಲಿ ಯಾರೂ ತಮಗೆ ಏನನ್ನೂ ಮಾಡಲು ಹೇಳಿರಲಿಲ್ಲವೋ ಏನೋ, ಸದಸ್ಯರೆಲ್ಲ ಪೆನ್ನು ತೆಗೆದರು. ಕಣ್ಣು ಮುಚ್ಚಿದ್ದವರೂ ತೆರೆದರು. ಹನ್ನೊಂದು ಪ್ರತಿಗಳ ಪುಟ ಮಗುಚುವ ಸದ್ದು ಕೋಣೆಯಲ್ಲಿ ಎದ್ದು, ಒಟ್ಟಿಗೆ ನಿಂತಿತು. "ಯಾವ ಪುಟ ಅಂದ್ರಿ?" ಎಂದರು ಒಬ್ಬರು. "ನಾಲ್ಕು." "ನಾಲ್ಕರಲ್ಲಿ ಲಾರಿ ಲೆಕ್ಕ ಇದೆಯಲ್ರೀ!" ಕೊನೆಯಲ್ಲಿ ಕೂತಿದ್ದ ಸದಸ್ಯೆ ಗಟ್ಟಿಯಾಗಿ ಓದಿದರು: "ಬಾವಿಗಳ ನೀರಿನ ಮಟ್ಟ, ಮಾಹಿತಿ ಲಭ್ಯವಿಲ್ಲ." ಬಾವಿ ಅಳೆಯುವವರು ಮೊದಲು ತಮ್ಮ ಕೈಯಲ್ಲಿದ್ದ ಕಾಗದ ನೋಡಿದರು, ಬೆರಳಿಟ್ಟು ಪುಟದ ಸಂಖ್ಯೆ ನೋಡಿದರು, ಆಮೇಲೆ ತಲೆಯೆತ್ತಿ ಗೋಡೆಯ ಸಾಲಿನಲ್ಲಿ ಅವಳನ್ನು ಹುಡುಕಿದರು. ಅನುಮಾನದ ನೋಟವಲ್ಲ ಅದು. ಗೊತ್ತಿಲ್ಲದ ಊರಿನಲ್ಲಿ ಜೊತೆಗೆ ಬಂದವರನ್ನು ಹುಡುಕುವ ನೋಟ. ಅಧ್ಯಕ್ಷರು ಅವರ ಪ್ರತಿಯನ್ನು ತರಿಸಿಕೊಂಡು ಕನ್ನಡಕ ಮೇಲೆ ಮಾಡಿ ಓದಿದರು, ಬಹಳ ಹೊತ್ತು ಓದಿದರು. "ಇದು ನಮ್ಮ ಶಾಖೆಯದೇ. ಆದ್ರೆ ನಮ್ಮ ಯಾರ ಪ್ರತೀಲೂ ಇಲ್ಲ. ಏನ್ರೀ ಇದು?" ಮುಖ್ಯಸ್ಥರ ಕುತ್ತಿಗೆ ಅವಳ ಕಡೆ ತಿರುಗಿತು, ಆಮೇಲೆ ಎಲ್ಲರ ಕುತ್ತಿಗೆಯೂ ತಿರುಗಿತು. ನಿಜ ಹೇಳಲು ಮೂರು ವಾಕ್ಯ ಬೇಕಿತ್ತು, ಮೂರೂ ಅವಳಿಗೆ ಗೊತ್ತಿದ್ದವು, ಬೇಕಾದರೆ ಕೋಷ್ಟಕ ಮಾಡಿ ಕೊಡುವಷ್ಟು ಸ್ಪಷ್ಟವಾಗಿ ಗೊತ್ತಿದ್ದವು. ಚೀಟಿ ಬರೆಯುವುದನ್ನು ಮರೆತು, "ಅದೇ ಸರಿಯಾದ ಪುಟ ಸರ್" ಎಂದಳು. ಸ್ವರ ತನ್ನದೇ ಎಂದು ನಂಬುವುದು ಕಷ್ಟವಾಯಿತು. "ಜೆರಾಕ್ಸ್ ಮಾಡೋವಾಗ ಹಳೇ ಕರಡು ಸೇರಿಹೋಗಿದೆ."

ಹತ್ತು ನಿಮಿಷದಲ್ಲಿ ಹನ್ನೊಂದು ಪ್ರತಿ ಬಂದವು, ಬಿಸಿಬಿಸಿಯಾಗಿ. ಅವರು ಒಬ್ಬೊಬ್ಬರ ಬಳಿಯೂ ನಿಂತು ಹದಿನಾರನ್ನು ಹದಿನಾಲ್ಕು ಮಾಡಿಸಿದರು. ಆಮೇಲೆ ಸದಸ್ಯರು ಒಬ್ಬರಾದ ಮೇಲೆ ಒಬ್ಬರು ಪ್ರಶ್ನೆ ಕೇಳಿದರು, ನಿಜವಾದ ಪ್ರಶ್ನೆಗಳು. ಬಾಯಿ ಬಿದ್ದುಹೋಗಿದೆ ಎಂದವರು ಮುಕ್ಕಾಲು ಗಂಟೆ ನಿಂತು ಉತ್ತರ ಕೊಟ್ಟರು. ಒಂಬತ್ತನೇ ಕಲಮಿನ ಮುನ್ನೂರು ಹೊಡೆದು ಸಾವಿರ ಮಾಡಬೇಕೆಂದು ಸಮಿತಿ ಬರೆದುಕೊಂಡಿತು. "ಇಂಥ ಒಂದು ಪುಟ ಸಾಕ್ರೀ, ನೂರು ಪುಟದ ವರದಿ ಬೇಡ" ಎಂದು ಅಧ್ಯಕ್ಷರು ಗೋಡೆಯ ಕಡೆ ನೋಡಿ ಹೇಳಿದರು, ಮುಖ್ಯಸ್ಥರು ಅವಳ ಮೊಣಕೈ ತಟ್ಟಿದರು. ಎಲ್ಲ ಒಳ್ಳೆಯದೇ ಆಯಿತು. ಆ ಬಾವಿಗಳಿಗೆ ಒಳ್ಳೆಯದಾಯಿತು, ಅವರಿಗೆ, ಅವರ ಹೆಂಡತಿಗೆ, ಶಾಖೆಗೆ, ಎಲ್ಲರಿಗಿಂತ ಹೆಚ್ಚಾಗಿ ಅವಳಿಗೆ. ನೆಲ ಬಾಯಿಬಿಟ್ಟು ನುಂಗಬಾರದೆ ಎಂದು ಅವಳು ಕಾದು ಕೂತಿದ್ದಳು, ನೆಲದ ಮೇಲೆ ಹಾಸಿದ್ದ ಜಮಖಾನ ಅಲ್ಲಾಡಲಿಲ್ಲ. ಹೊರಡುವಾಗ ಅವರು ಮೊಗಸಾಲೆಯಲ್ಲಿ ಕಾದು ನಿಂತು ಕೈಮುಗಿದರು. "ನಿಮ್ಮಿಂದ ಆಯ್ತು ತಾಯಿ." ಅವಳು ಮುಖ ಕೊಟ್ಟು ಮಾತಾಡಲಾರದೆ ಅವರ ಬೆರಳಿನ ಬಿಳಿಯನ್ನು ನೋಡಿದಳು. ಎರಡು ಹೆಜ್ಜೆ ಹೋದವರು ತಿರುಗಿ ಬಂದರು. "ಒಂದು ಮಾತು. ಆ ಜೆರಾಕ್ಸಿನವರನ್ನ ಏನೂ ಅನ್ಬೇಡಿ. ಮನುಷ್ಯರ ಕೈ, ತಪ್ಪತ್ತೆ."

ಐದು ಗಂಟೆಗೆ ಜೆರಾಕ್ಸಣ್ಣ ಅವಳ ಮೇಜಿನ ಮುಂದೆ ಬಂದು ನಿಂತ. ಮೊಗಸಾಲೆಯ ಕೊನೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಯಂತ್ರದ ಪಕ್ಕ ನಿಂತವನು. ಎಷ್ಟೇ ಪ್ರತಿಯಿರಲಿ, ಹೆಬ್ಬೆರಳು ಒದ್ದೆ ಮಾಡಿಕೊಂಡು ಪುಟ ಪುಟವನ್ನೂ ಎಣಿಸಿಯೇ ಕೊಡುವವನು. ಅವನ ಹೆಸರು ಏನೆಂದು ಅವಳಿಗೆ ತಕ್ಷಣ ನೆನಪಾಗಲಿಲ್ಲ. ಕೈಯಲ್ಲಿ ಉದ್ದನೆಯ ನೀಲಿ ರಟ್ಟಿನ ಪುಸ್ತಕ ಹಿಡಿದಿದ್ದ, ಅದು ಲೋಪ ಪುಸ್ತಕ. ಕೆಲಸದಲ್ಲಿ ತಪ್ಪಾದರೆ ಅದರಲ್ಲಿ ಬರೆದಿಡಬೇಕು. "ಸಾಹೇಬ್ರು ಹೇಳಿದ್ರು ಮೇಡಂ, ಅಧ್ಯಕ್ಷರು ಕೇಳಿದಾರೆ, ಬರೆದು ಸಹಿ ಹಾಕಿಸಿಬಿಡು ಅಂತ. ಕಾರಣ ಅನ್ನೋ ಕಡೆ ಟಿಪ್ಪಣಿ ಬರೆದವರೇ ಬರೀಬೇಕಂತೆ." ಪುಸ್ತಕ ತೆರೆದ. ಅವನ ಹೆಸರಿನ ಹಾಳೆ ಅಂಚು ಹಳದಿಯಾಗಿತ್ತು, ಒಂದು ಸಾಲೂ ತುಂಬಿರಲಿಲ್ಲ. "ಎಂಟು ತಿಂಗಳು ಇದೆ ನನ್ನ ನಿವೃತ್ತಿಗೆ. ಖಾಲಿ ಹಾಳೆ ಹಾಗೇ ಹರ್ಕೊಂಡು ಮನೆಗೆ ಒಯ್ದು ಇಟ್ಕೋಬೇಕು ಅಂತ ತಮಾಷೆ ಮಾಡ್ತಿದ್ದೆ." ನಗಲು ನೋಡಿದ. "ಮಧ್ಯಾಹ್ನದಿಂದ ಯೋಚನೆ ಮಾಡ್ತಾನೇ ಇದೀನಿ. ಆ ದಿನ ಮೊಮ್ಮಗಳಿಗೆ ಜ್ವರ ಇತ್ತು, ತಲೆ ಅಲ್ಲೇ ಇತ್ತೋ ಏನೋ. ನೀವು ಹೊಸ ಪುಟ ಕೊಟ್ಟಿದ್ದು ನನಗೆ ನೆನಪೇ ಆಗ್ತಿಲ್ಲ. ಕೊಟ್ಟಿದ್ರಲ್ವಾ ಮೇಡಂ?"

ಇದಕ್ಕಿಂತ ಅಗಲವಾಗಿ ಬಾಗಿಲನ್ನು ಯಾರೂ ತೆರೆದಿಡಲಾರರು. ಶಾಖೆಯಲ್ಲಿ ಉಳಿದವರೆಲ್ಲ ಚೀಲ ತೆಗೆದುಕೊಂಡು ಹೊರಡುತ್ತಿದ್ದರು, ಯಾರಿಗೂ ಇತ್ತ ಗಮನವಿರಲಿಲ್ಲ. ಅವಳು ಅವನ ಮುಖ ನೋಡಿದಳು, ಇಲ್ಲದ ನೆನಪಿಗಾಗಿ ಅವನು ತನ್ನ ತಲೆಯೊಳಗೇ ತಡಕಾಡುತ್ತಿರುವುದು ಕಣ್ಣಿನಲ್ಲಿ ಕಾಣುತ್ತಿತ್ತು. ಇನ್ನು ಎರಡು ದಿನ ಬಿಟ್ಟರೆ ಅವನಿಗೆ ಅದು ಸಿಕ್ಕೇ ಸಿಗುತ್ತದೆ, ಹೌದು, ಮೇಡಂ ಬಂದು ಕೊಟ್ಟಿದ್ದರು, ನಾನೇ ಮರೆತೆ ಎಂದು ಮನೆಯವರ ಮುಂದೆ ಹೇಳಿಕೊಳ್ಳುತ್ತಾನೆ. "ಕೊಟ್ಟಿದ್ದೆ ಅನ್ಸತ್ತೆ" ಎಂದಳು. ಅವನು ತಲೆಯಾಡಿಸಿದ, "ಹಾಗಾದ್ರೆ ನಂದೇ" ಎಂದ, ಅಷ್ಟೇ. ಅವಳು ಪೆನ್ನು ತೆಗೆದುಕೊಂಡಳು. ದಿನಾಂಕ ಬರೆದಳು. ಪುಟದ ಸಂಖ್ಯೆಯ ಮನೆಯಲ್ಲಿ ನಾಲ್ಕು ಎಂದು ಬರೆದಳು. ಲೋಪದ ಮನೆಯಲ್ಲಿ 'ಸರಿಯಾದ ಪುಟ ಬಿಟ್ಟುಹೋದದ್ದು' ಎಂದು ಬರೆದಳು, ಅದು ನಿಜವೇ. ಕಾರಣದ ಮನೆಗೆ ಬಂದು ಪೆನ್ನು ನಿಂತಿತು. ನಿಜ ಬರೆದರೆ ಸಿಕ್ಕಿಬೀಳುವುದು ತಾನು, ಸುಳ್ಳು ಬರೆದರೆ ಅವನು. ಮೊಣಕಾಲು ಅಭ್ಯಾಸಬಲದಿಂದ ಡ್ರಾಯರಿನ ಅಂಚಿಗಾಗಿ ತಡಕಿತು. ಲಕೋಟೆ ಈಗ ಮೇಜಿನ ಮೇಲಿತ್ತು, ಡ್ರಾಯರು ಸಲೀಸಾಗಿ ಮುಚ್ಚಿಕೊಂಡಿತ್ತು. ಕೈ ತನಗೆ ಗೊತ್ತಿದ್ದನ್ನು ಬರೆಯಿತು: ಮಾಹಿತಿ ಲಭ್ಯವಿಲ್ಲ.

ಜೆರಾಕ್ಸಣ್ಣ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಓದಿದ. ಒಂದು ಸಲ ಓದಿ, ಮತ್ತೊಂದು ಸಲ ಓದಿದ. ಮುಖದಲ್ಲಿ ಗಂಟಾಗಿದ್ದದ್ದು ಸಡಿಲವಾಯಿತು. "ನನ್ನ ತಪ್ಪು ಅಂತ ಬರೀಲಿಲ್ಲ ನೀವು" ಎಂದ. ಕಣ್ಣು ತುಂಬಿ ಬಂದಿತ್ತು. "ಬೇರೆ ಯಾರಾಗಿದ್ರೂ ಬರೆದುಬಿಡ್ತಿದ್ರು. ನಿಮ್ಮನ್ನ ಮರೆಯಲ್ಲ ಮೇಡಂ, ಮನೇಲೂ ಹೇಳ್ತೀನಿ." ಪುಸ್ತಕ ಮುಚ್ಚಲು ಹೋದವನು ತಡೆದು, ಕೊನೆಯ ಮನೆಯನ್ನು ತೋರಿಸಿ, ಮತ್ತೆ ಅವಳ ಕಡೆ ತಿರುಗಿಸಿದ. "ಇಲ್ಲೊಂದು ಸಹಿ ಮರೆತ್ರಿ."

ಅವಳು ಸಹಿ ಹಾಕಿದಳು, ಕೆಳಗೆ ಪೂರ್ತಿ ಹೆಸರು ಬರೆದಳು. ಹತ್ತೊಂಬತ್ತು ವರ್ಷದಲ್ಲಿ ಆ ಎರಡು ಪದಗಳ ಪಕ್ಕ ಅವಳ ಹೆಸರು ಬಂದದ್ದು ಅದೇ ಮೊದಲು.